ಸೋಲಿನ ದಾಖಲೆಯ ತಂಡ ಸೋಲರಿಯದೆ ಗೆದ್ದ ಬಗೆ: ಇಂಡಿಯಾನಾ ಫುಟ್‌ಬಾಲ್‌ನ 2025ರ ಋತು

2026ರ ಜನವರಿ 19ರ ರಾತ್ರಿ, ಮಯಾಮಿಯ ಹಾರ್ಡ್ ರಾಕ್ ಕ್ರೀಡಾಂಗಣದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡವು ಮಯಾಮಿ ವಿಶ್ವವಿದ್ಯಾಲಯವನ್ನು 27–21ರಿಂದ ಮಣಿಸಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಆಡಿದ 16 ಪಂದ್ಯಗಳನ್ನೂ ಗೆದ್ದು ಋತುವನ್ನು ಮುಗಿಸಿದ ತಂಡ ಈ ಕ್ರೀಡೆಯ ಅತ್ಯುನ್ನತ ಮಟ್ಟದಲ್ಲಿ ಅದಕ್ಕೆ ಹಿಂದೆ ಒಂದೇ ಒಂದಿತ್ತು. ಅದು 1894ರ ಯೇಲ್ ವಿಶ್ವವಿದ್ಯಾಲಯದ ತಂಡ. ಅಷ್ಟು ಹಳೆಯ ದಾಖಲೆಯನ್ನು ಸರಿಗಟ್ಟಿದವರು ಅಲಬಾಮಾ, ಜಾರ್ಜಿಯಾ, ಒಹಾಯೊ ಸ್ಟೇಟ್‌ನಂಥ ಮನೆತನದ ತಂಡಗಳವರಾಗಿದ್ದರೆ ಯಾರೂ ಹೆಚ್ಚು ಬೆರಗಾಗುತ್ತಿರಲಿಲ್ಲ. ಆದರೆ ಇಂಡಿಯಾನಾ ತಂಡವು 2025ರ ಋತು ಆರಂಭವಾದಾಗ ಆ ಮಟ್ಟದ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯಗಳನ್ನು ಸೋತ ತಂಡವಾಗಿತ್ತು. ಅದರ ಸೋಲುಗಳ ಲೆಕ್ಕ 700ನ್ನು ದಾಟಿತ್ತು. 2023ರಲ್ಲಿ ಅದು ಗೆದ್ದದ್ದು ಮೂರು ಪಂದ್ಯ, ಸೋತದ್ದು ಒಂಬತ್ತು.

ಅಮೆರಿಕದ ಪತ್ರಿಕೆಗಳು ಇದನ್ನು ಪವಾಡವೆಂದೂ ಕಟ್ಟುಕಥೆಗೂ ಮೀರಿದ ಘಟನೆಯೆಂದೂ ಕೊಂಡಾಡಿವೆ. ಆ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಪವಾಡವೆಂದು ಕರೆದ ಕೂಡಲೇ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. 2018ರಿಂದ 2025ರವರೆಗಿನ ಏಳು ವರ್ಷಗಳಲ್ಲಿ ಕಾಲೇಜು ಕ್ರೀಡೆಯ ನಿಯಮಗಳು ಬುಡಮೇಲಾದವು. ಯಾವ ವಯಸ್ಸಿನ ಆಟಗಾರನಿಗೆ ಬೆಲೆ, ಆ ಬೆಲೆಯನ್ನು ಯಾರು ಕೊಡಬಹುದು, ಆಟಗಾರ ಯಾವಾಗ ಎದ್ದು ಹೋಗಬಹುದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬದಲಾಯಿತು. ಆ ಬದಲಾವಣೆಯನ್ನು ಉಳಿದವರಿಗಿಂತ ಮೊದಲೇ ಸರಿಯಾಗಿ ಅರ್ಥಮಾಡಿಕೊಂಡ ತರಬೇತುದಾರನೊಬ್ಬ ಇಂಡಿಯಾನಾಕ್ಕೆ ಸಿಕ್ಕಿದ ಎಂಬುದು ಈ ಋತುವನ್ನು ಓದುವ ಹೆಚ್ಚು ಉಪಯುಕ್ತವಾದ ರೀತಿ ಎಂದು ನನಗೆ ತೋರುತ್ತದೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇದು ನಾವು ಫುಟ್‌ಬಾಲ್ ಎಂದು ಕರೆಯುವ ಕಾಲ್ಚೆಂಡಾಟವಲ್ಲ. ಒಂದೊಂದು ಕಡೆಗೆ 11 ಮಂದಿ, ಮೊಟ್ಟೆಯಾಕಾರದ ಚೆಂಡು. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಸಾಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆಯನ್ನು ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದರೆ ಫೀಲ್ಡ್ ಗೋಲ್, ಅದಕ್ಕೆ ಮೂರು. ತಂಡದ ಮಿದುಳು ಮತ್ತು ತೋಳು ಎರಡೂ ಆಗಿರುವವನು ಕ್ವಾರ್ಟರ್‌ಬ್ಯಾಕ್. ವೃತ್ತಿಪರ ಲೀಗ್ ಬೇರೆ ಇದ್ದರೂ ಕಾಲೇಜುಗಳ ನಡುವಿನ ಈ ಆಟಕ್ಕೆ ಅಮೆರಿಕದಲ್ಲಿ ಇರುವ ಹುಚ್ಚು ಸಾಮಾನ್ಯವಾದದ್ದಲ್ಲ. ಲಕ್ಷ ಮಂದಿ ಕುಳಿತು ನೋಡುವ ಕ್ರೀಡಾಂಗಣಗಳನ್ನು ವಿಶ್ವವಿದ್ಯಾಲಯಗಳೇ ಕಟ್ಟಿಕೊಂಡಿವೆ.

ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿರುವ ಈ ವಿಶ್ವವಿದ್ಯಾಲಯಕ್ಕೆ ಕ್ರೀಡೆಯಲ್ಲಿ ಹೆಸರಿಲ್ಲದಿರಲಿಲ್ಲ. ಆ ಹೆಸರು ಬ್ಯಾಸ್ಕೆಟ್‌ಬಾಲ್‌ನದು. ಅದರ ಬ್ಯಾಸ್ಕೆಟ್‌ಬಾಲ್ ತಂಡ ಐದು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಬಾಬ್ ನೈಟ್ ತರಬೇತುದಾರರಾಗಿದ್ದ 1976ರಲ್ಲಿ ಆ ತಂಡ 32 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಪಡೆಯಿತು. ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥ ಸಾಧನೆ ಆಮೇಲೆ ಯಾರಿಂದಲೂ ಆಗಿಲ್ಲ. ಸರಿಯಾಗಿ ಐವತ್ತು ವರ್ಷಗಳ ಅನಂತರ ಅದೇ ಊರಿನ ಫುಟ್‌ಬಾಲ್ ತಂಡ ಅದನ್ನೇ ಮಾಡಿದ್ದು ಕಾಕತಾಳೀಯವಾದರೂ ಊರಿನ ಹಿರಿಯರಿಗೆ ಅದು ಕಾಕತಾಳೀಯವೆನ್ನಿಸಿರಲಾರದು. ಫುಟ್‌ಬಾಲ್ ಮಾತ್ರ ಅಲ್ಲಿ ಚಳಿಗಾಲದ ಬ್ಯಾಸ್ಕೆಟ್‌ಬಾಲ್ ಬರುವವರೆಗಿನ ಕಾಲಕ್ಷೇಪವಾಗಿತ್ತು. 2025ರ ಋತುವಿಗೆ ಮುಂಚೆ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕೆ ಆ ತಂಡ ಹೋಗಿದ್ದು ಒಂದೇ ಸಲ, 1968ರ ಜನವರಿ 1ರಂದು. ಅಂದು ಸದರ್ನ್ ಕ್ಯಾಲಿಫೋರ್ನಿಯಾ ತಂಡದೆದುರು 14–3ರಿಂದ ಸೋತು ಮರಳಿತ್ತು. ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯಗಳಲ್ಲಿ ಈ ಋತುವಿಗೆ ಮುಂಚೆ ಅದು ಕೊನೆಯದಾಗಿ ಗೆದ್ದದ್ದು 1991ರಲ್ಲಿ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಇಂಡಿಯಾನಾವನ್ನು ಬಡವರ ತಂಡವೆಂದು ಚಿತ್ರಿಸುವುದು ಸರಿಯಲ್ಲ. ಅದು ಬಿಗ್ ಟೆನ್ ಎಂಬ ಹಳೆಯ ಒಕ್ಕೂಟದ ಸದಸ್ಯ. ಹೆಸರಿನಲ್ಲಿ ಹತ್ತು ಇದ್ದರೂ ಈಗ ಅದರಲ್ಲಿ 18 ವಿಶ್ವವಿದ್ಯಾಲಯಗಳಿವೆ. 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳೊಂದಿಗೆ ಆ ಒಕ್ಕೂಟ ಮಾಡಿಕೊಂಡ ಏಳು ವರ್ಷಗಳ ಪ್ರಸಾರ ಒಪ್ಪಂದದ ಮೊತ್ತ ಸುಮಾರು 700 ಕೋಟಿ ಡಾಲರ್. ಗೆದ್ದರೂ ಸೋತರೂ ಆ ಹಣದಲ್ಲಿ ಇಂಡಿಯಾನಾಕ್ಕೆ ಪಾಲು ಬರುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಸಂಖ್ಯೆಯಲ್ಲಿಯೂ ಅದು ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯಗಳಲ್ಲೊಂದು. ಹಾಗಾಗಿ ಇದು ಸಿರಿವಂತರ ಮನೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಸದಾ ನಪಾಸಾಗುತ್ತಿದ್ದ ಮಗ ಇದ್ದಕ್ಕಿದ್ದಂತೆ ಮೊದಲ ದರ್ಜೆಯಲ್ಲಿ ಪಾಸಾದ ಕಥೆ. ಪುಸ್ತಕ ಕೊಳ್ಳುವ ಹಣ ಅವನಿಗೆ ಮೊದಲಿನಿಂದಲೂ ಇತ್ತು.

ಹಾಗಿದ್ದರೆ ಅಷ್ಟು ಕಾಲ ಸೋತದ್ದೇಕೆ? ಹಳೆಯ ವ್ಯವಸ್ಥೆಯಲ್ಲಿ ಆಟಗಾರನಿಗೆ ಸಂಬಳ ಕೊಡುವಂತಿರಲಿಲ್ಲ. ವಿದ್ಯಾರ್ಥಿವೇತನ, ಊಟ, ವಸತಿ ಅಷ್ಟೇ. ಪ್ರೌಢಶಾಲೆಯ 17–18ರ ಹುಡುಗರನ್ನು ಐದು ನಕ್ಷತ್ರ, ನಾಲ್ಕು ನಕ್ಷತ್ರ ಎಂದು ಅಳೆಯುವ ಸಂಸ್ಥೆಗಳಿದ್ದವು, ಈಗಲೂ ಇವೆ. ಎಲ್ಲರೂ ಕೊಡುವ ಬೆಲೆ ಒಂದೇ ಆದಾಗ ಒಳ್ಳೆಯ ಹುಡುಗರು ಗೆಲ್ಲುವ ತಂಡಕ್ಕೇ ಹೋಗುತ್ತಾರೆ; ಅವರು ಹೋದ ತಂಡವೇ ಮತ್ತೆ ಗೆಲ್ಲುತ್ತದೆ. ಒಮ್ಮೆ ಸೇರಿದವನು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಒಂದು ಋತು ಆಡದೆ ಕೂರಬೇಕಿತ್ತು. ಹೀಗಾಗಿ ಅಲಬಾಮಾದ ಮೂರನೇ ಸಾಲಿನಲ್ಲಿ ಬೆಂಚು ಕಾಯುತ್ತಿದ್ದ ಹುಡುಗನೂ ಅಲ್ಲೇ ಉಳಿಯುತ್ತಿದ್ದ, ಇಂಡಿಯಾನಾಕ್ಕೆ ಬರುತ್ತಿರಲಿಲ್ಲ. ಸಂಬಳವಿಲ್ಲದ ಆಟವೆಂಬ ಆದರ್ಶದ ಹೆಸರಿನಲ್ಲಿ ನಿಂತಿದ್ದ ವ್ಯವಸ್ಥೆಯು ದೊಡ್ಡವರನ್ನು ದೊಡ್ಡವರಾಗಿಯೇ ಉಳಿಸುವ ಯಂತ್ರವೂ ಆಗಿತ್ತು ಎಂಬುದನ್ನು ಆಗ ಹೆಚ್ಚು ಮಂದಿ ಗಮನಿಸಲಿಲ್ಲ.

ಈ ಯಂತ್ರದ ಕೀಲುಗಳು ಒಂದೊಂದಾಗಿ ಕಳಚಿದವು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಬೇರೆಡೆ ಹೋಗಬಯಸುವ ಆಟಗಾರ ತನ್ನ ಹೆಸರನ್ನು ದಾಖಲಿಸಿದರೆ ಯಾವ ತರಬೇತುದಾರನೂ ಅವನನ್ನು ಸಂಪರ್ಕಿಸಬಹುದಾದ ಪಟ್ಟಿ ಅದು. 2021ರ ಏಪ್ರಿಲ್‌ನಲ್ಲಿ, ಒಂದು ಬಾರಿಯ ವರ್ಗಾವಣೆಗೆ ಋತು ಕಳೆದುಕೊಳ್ಳಬೇಕಿಲ್ಲವೆಂಬ ನಿಯಮವಾಯಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿರುದ್ಧ ಆಲ್‌ಸ್ಟನ್ ಪ್ರಕರಣದಲ್ಲಿ ಒಮ್ಮತದ ತೀರ್ಪು ನೀಡಿದರು. ಆ ತೀರ್ಪಿನ ನೇರ ವಿಷಯ ಶಿಕ್ಷಣಸಂಬಂಧಿ ಸೌಲಭ್ಯಗಳಷ್ಟೇ ಆಗಿದ್ದರೂ, ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದ ಸಹಮತದ ಟಿಪ್ಪಣಿಯಲ್ಲಿ, ದುಡಿಯುವವರಿಗೆ ನ್ಯಾಯವಾದ ಕೂಲಿ ಕೊಡದಿರಲು ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು ಅಮೆರಿಕದ ಬೇರಾವ ಉದ್ಯಮದಲ್ಲಿಯೂ ನಡೆಯುವಂಥದ್ದಲ್ಲ ಎಂಬ ಅರ್ಥದ ಮಾತುಗಳಿದ್ದವು. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಎಲ್ಲರಿಗೂ ತಿಳಿಯಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಹರೆಯನ್ನು ಜಾಹೀರಾತಿಗೆ ಬಳಸಿಕೊಂಡು ಹಣ ಗಳಿಸಬಹುದಾಯಿತು. ಜಾಹೀರಾತೆಂಬುದು ಎಷ್ಟೋ ಕಡೆ ಹೆಸರಿಗೆ ಮಾತ್ರವಿದ್ದು, ಅಭಿಮಾನಿ ದಾನಿಗಳು ಕೂಡಿ ಕಟ್ಟಿದ ನಿಧಿಗಳಿಂದ ಆಟಗಾರರಿಗೆ ಹಣ ಸಂದಾಯವಾಗುತ್ತಿತ್ತು. 2024ರಲ್ಲಿ ಎಷ್ಟು ಬಾರಿ ಬೇಕಾದರೂ ವರ್ಗಾವಣೆಯಾಗಬಹುದೆಂದಾಯಿತು. ಕೊನೆಗೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅನುಮೋದಿಸಿದ ಹೌಸ್ ಪ್ರಕರಣದ ರಾಜಿಯಿಂದಾಗಿ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಆದಾಯದ ಪಾಲು ಕೊಡುವ ದಾರಿ ತೆರೆಯಿತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ, ಮುಂದಿನವರಿಗೆ 2025–26ರಲ್ಲಿ ಪ್ರತಿ ವಿಶ್ವವಿದ್ಯಾಲಯದಿಂದ ಗರಿಷ್ಠ 2.05 ಕೋಟಿ ಡಾಲರ್. ಮಿತಿ ಎಲ್ಲ ಕ್ರೀಡೆಗಳಿಗೂ ಸೇರಿದ್ದಾದರೂ ದೊಡ್ಡ ಕಾಲೇಜುಗಳಲ್ಲಿ ಅದರ ಸಿಂಹಪಾಲು ಫುಟ್‌ಬಾಲ್‌ಗೇ ಹೋಗುತ್ತದೆ.

ನಮ್ಮ ಓದುಗರಿಗೆ ಐಪಿಎಲ್ ಹರಾಜು ನೆನಪಾಗಬಹುದು. ಹೋಲಿಕೆ ಅರ್ಧಕ್ಕೆ ಮಾತ್ರ ಹೊಂದುತ್ತದೆ. ಐಪಿಎಲ್‌ನಲ್ಲಿ ಹರಾಜು ಬಹಿರಂಗವಾಗಿ ನಡೆಯುತ್ತದೆ, ಯಾರಿಗೆ ಎಷ್ಟೆಂಬುದು ಊರಿಗೆಲ್ಲ ಗೊತ್ತು, ಉಳಿಸಿಕೊಳ್ಳುವ ನಿಯಮಗಳಿವೆ. ಇಲ್ಲಿ ವ್ಯವಹಾರ ತೆರೆಮರೆಯಲ್ಲಿ, ಒಪ್ಪಂದ ಬಹುಮಟ್ಟಿಗೆ ವರ್ಷದ ಲೆಕ್ಕದಲ್ಲಿ, ಮತ್ತು ಆಟಗಾರ ಕಾಗದದ ಮೇಲೆ ಇನ್ನೂ ವಿದ್ಯಾರ್ಥಿ.

ಈ ಹೊಸ ಲೋಕಕ್ಕೆ 2023ರ ನವೆಂಬರ್ ಕೊನೆಯಲ್ಲಿ ಇಂಡಿಯಾನಾ ಕರೆತಂದ ತರಬೇತುದಾರ ಕರ್ಟ್ ಸಿಗ್ನೆಟಿ. ಹಿಂದಿನ ತರಬೇತುದಾರ ಟಾಮ್ ಆಲನ್ ಅವರನ್ನು ಕಳುಹಿಸಲು ವಿಶ್ವವಿದ್ಯಾಲಯ 1.55 ಕೋಟಿ ಡಾಲರ್ ತೆರಬೇಕಾಯಿತು. ಸಿಗ್ನೆಟಿಗೆ ಆಗಲೇ ಅರವತ್ತು ದಾಟಿತ್ತು. ದೊಡ್ಡ ಒಕ್ಕೂಟದ ತಂಡವೊಂದಕ್ಕೆ ಮುಖ್ಯ ತರಬೇತುದಾರರಾಗಿ ಅವರು ಎಂದೂ ಕೆಲಸ ಮಾಡಿರಲಿಲ್ಲ. ಅಲಬಾಮಾದಲ್ಲಿ ಮುಖ್ಯ ತರಬೇತುದಾರ ನಿಕ್ ಸೇಬನ್ ಅವರ ಸಹಾಯಕರಾಗಿ ನಾಲ್ಕು ವರ್ಷ ಇದ್ದು, ಆ ಪ್ರತಿಷ್ಠಿತ ಹುದ್ದೆಯನ್ನು ಬಿಟ್ಟು 2011ರಲ್ಲಿ ಎರಡನೇ ವಿಭಾಗದ ಸಣ್ಣ ಕಾಲೇಜಿಗೆ ಮುಖ್ಯ ತರಬೇತುದಾರರಾಗಿ ಹೋದವರು. ಅದು ಅವರ ತಂದೆಯೂ ಹಿಂದೆ ತರಬೇತುದಾರರಾಗಿದ್ದ ಕಾಲೇಜು. ಹೆಸರು, ವಿಚಿತ್ರವೆಂಬಂತೆ, ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಅಲ್ಲಿಂದ ಈಲಾನ್, ಅಲ್ಲಿಂದ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ. ಎಲ್ಲ ಕಡೆಯೂ ಗೆದ್ದಿದ್ದರು. ಬ್ಲೂಮಿಂಗ್ಟನ್‌ಗೆ ಬಂದ ಹೊಸದರಲ್ಲಿ, ನಿಮ್ಮ ಮಾತನ್ನು ಆಟಗಾರರು ನಂಬುವಂತೆ ಹೇಗೆ ಮಾಡುತ್ತೀರೆಂದು ಕೇಳಿದಾಗ, ನಾನು ಗೆಲ್ಲುವವನು, ಬೇಕಿದ್ದರೆ ಗೂಗಲ್ ಮಾಡಿ ನೋಡಿ ಎಂದು ಅವರು ಹೇಳಿದ್ದನ್ನು ಅಂದು ಜಂಬವೆಂದೇ ಹಲವರು ತಿಳಿದರು.

ಅವರು ಒಬ್ಬರೇ ಬರಲಿಲ್ಲ. ಜೇಮ್ಸ್ ಮ್ಯಾಡಿಸನ್‌ನಿಂದ 13 ಆಟಗಾರರನ್ನೂ, ಆಕ್ರಮಣದ ಹೊಣೆ ಹೊತ್ತ ಮೈಕ್ ಶಾನಹಾನ್, ರಕ್ಷಣೆಯ ಹೊಣೆ ಹೊತ್ತ ಬ್ರಯಂಟ್ ಹೇನ್ಸ್ ಅವರನ್ನೂ ಕರೆತಂದರು. ಐಡನ್ ಫಿಶರ್, ಡಿಆಂಜೆಲೊ ಪಾಂಡ್ಸ್, ಮಿಕೈಲ್ ಕಮಾರಾ, ಎಲೈಜಾ ಸರಾಟ್ ಮುಂತಾದ ಈ ಹುಡುಗರಲ್ಲಿ ಹೆಚ್ಚಿನವರನ್ನು ಪ್ರೌಢಶಾಲೆಯ ಕಾಲದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಕಣ್ಣೆತ್ತಿ ನೋಡಿರಲಿಲ್ಲ. ಸಿಗ್ನೆಟಿಯ ಸೂತ್ರ ಸರಳವಾಗಿತ್ತು: ಮುಂದೆ ಹೀಗಾಗಬಹುದು ಎಂಬ ಭರವಸೆಗಿಂತ ಮೈದಾನದಲ್ಲಿ ಈಗಾಗಲೇ ತೋರಿಸಿದ ಆಟಕ್ಕೆ ಹೆಚ್ಚಿನ ಬೆಲೆ. 18ರ ಹುಡುಗ ಬೆಳೆದು ಏನಾಗುತ್ತಾನೆಂಬುದು ಊಹೆ. 22ರ ಯುವಕ ಮೂರು ವರ್ಷ ಏನು ಮಾಡಿದನೆಂಬುದಕ್ಕೆ ಚಿತ್ರಮುದ್ರಿಕೆಯೇ ಸಾಕ್ಷಿ. ಹಳೆಯ ನಿಯಮದಲ್ಲಿ ಈ ಸಾಕ್ಷಿಯಿಂದ ಪ್ರಯೋಜನವಿರಲಿಲ್ಲ, ಏಕೆಂದರೆ ಆ ಯುವಕನನ್ನು ಕರೆತರುವಂತಿರಲಿಲ್ಲ. ಪೋರ್ಟಲ್ ಬಂದಮೇಲೆ ಅದೇ ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿಯಾಯಿತು. ದೈಹಿಕ ಬಲವೇ ಪ್ರಧಾನವಾದ ಆಟದಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಗಂಡಸರ ಎದುರು ಹತ್ತೊಂಬತ್ತರ ಹುಡುಗರು, ಅವರು ಎಷ್ಟೇ ನಕ್ಷತ್ರಗಳವರಾಗಿರಲಿ, ಮೂರನೇ ತಾಸಿನ ಹೊತ್ತಿಗೆ ಸುಸ್ತಾಗುತ್ತಾರೆ. ಪ್ಲೇಆಫ್ ಪದ್ಧತಿ ಬಂದ 2014ರಿಂದ ಪ್ರಶಸ್ತಿ ಗೆದ್ದ ತಂಡಗಳೆಲ್ಲ ಐದು ಮತ್ತು ನಾಲ್ಕು ನಕ್ಷತ್ರದ ಹುಡುಗರಿಂದ ತುಂಬಿದ್ದವು. ಇಂಡಿಯಾನಾದಲ್ಲಿ ಅಂಥವರು ಕೈಬೆರಳೆಣಿಕೆಯಷ್ಟು.

2024ರ ಮೊದಲ ಋತುವಿನಲ್ಲಿಯೇ ತಂಡ 11 ಪಂದ್ಯ ಗೆದ್ದಿತು. ಸೋತದ್ದು ಎರಡು: ಒಹಾಯೊ ಸ್ಟೇಟ್‌ನೆದುರು 38–15, ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ನಾಟರ್ ಡೇಮ್‌ನೆದುರು 27–17. ಆ ಎರಡು ತಂಡಗಳೇ ಆ ವರ್ಷದ ಅಂತಿಮ ಪಂದ್ಯ ಆಡಿದವೆಂಬುದನ್ನು ಮರೆತು, ಸುಲಭದ ಎದುರಾಳಿಗಳನ್ನು ಸೋಲಿಸಿ ಮೇಲೆ ಬಂದ ತಂಡವೆಂಬ ಟೀಕೆ ಕೇಳಿಬಂತು. ಟೀಕೆಯಲ್ಲಿ ಸತ್ಯಾಂಶವೂ ಇತ್ತೆನ್ನಬೇಕು. 2025ರಲ್ಲಿಯೂ ಒಕ್ಕೂಟದ ಹೊರಗಿನ ಮೂರು ಪಂದ್ಯಗಳಿಗೆ ಇಂಡಿಯಾನಾ ಆರಿಸಿಕೊಂಡದ್ದು ಓಲ್ಡ್ ಡೊಮಿನಿಯನ್, ಕೆನೆಸಾ ಸ್ಟೇಟ್, ಇಂಡಿಯಾನಾ ಸ್ಟೇಟ್ ತಂಡಗಳನ್ನು. ಕೊನೆಯದನ್ನು ಅದು 73–0ರಿಂದ ಸೋಲಿಸಿತು. ಅದನ್ನು ಪಂದ್ಯವೆನ್ನುವುದು ಕಷ್ಟ.

ಆದರೆ 2025ರಲ್ಲಿ ಮುಂದಿನ ದಾರಿ ಸುಲಭವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಫರ್ನಾಂಡೊ ಮೆಂಡೋಜ ಎಂಬ ಕ್ವಾರ್ಟರ್‌ಬ್ಯಾಕ್ ಬಂದಿದ್ದ. ಕ್ಯೂಬಾ ಮೂಲದ ಕುಟುಂಬದ, ಮಯಾಮಿಯಲ್ಲಿ ಬೆಳೆದ ಈ ಹುಡುಗನನ್ನು ಪ್ರೌಢಶಾಲೆಯ ಕಾಲದಲ್ಲಿ ಕೇಳುವವರಿರಲಿಲ್ಲ. ಮೊದಲು ಯೇಲ್‌ಗೆ ಸೇರಲು ಒಪ್ಪಿದ್ದವನು ಕೊನೆಯಲ್ಲಿ ಬರ್ಕ್ಲಿಗೆ ಹೋದ. ಅಂದು ಹೋಗದೆ ಬಿಟ್ಟ ಯೇಲ್‌ನ 131 ವರ್ಷದ ದಾಖಲೆಯನ್ನೇ ಮುಂದೆ ಸರಿಗಟ್ಟುವ ಯೋಗ ಅವನದಾಗಿತ್ತು. ಸೆಪ್ಟೆಂಬರ್‌ನಲ್ಲಿ ಇಲಿನಾಯ್ ತಂಡವನ್ನು 63–10ರಿಂದ ಸೋಲಿಸಿದಾಗ ದೇಶ ತಲೆಯೆತ್ತಿ ನೋಡಿತು. ಅಕ್ಟೋಬರ್ 11ರಂದು ಓರೆಗಾನ್ ತಂಡವನ್ನು ಅದರ ಮನೆಯಂಗಳದಲ್ಲೇ 30–20ರಿಂದ ಸೋಲಿಸಿದಾಗ ಟೀಕೆ ನಿಂತಿತು. ನವೆಂಬರ್ 8ರಂದು ಪೆನ್ ಸ್ಟೇಟ್‌ನ ಬೀವರ್ ಕ್ರೀಡಾಂಗಣದಲ್ಲಿ, ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ, 80 ಗಜ ದೂರದಿಂದ, ಗಡಿಯಾರ ನಿಲ್ಲಿಸಲು ಕೈಯಲ್ಲಿ ಒಂದೂ ಟೈಮ್‌ಔಟ್ ಇಲ್ಲದೆ ತಂಡ ಹೊರಟಿತು. 36 ಸೆಕೆಂಡುಗಳಿರುವಾಗ ಒಮರ್ ಕೂಪರ್ ಜೂನಿಯರ್ ಗೆರೆಯಾಚೆ ಬೀಳುತ್ತಲೇ ಕಾಲ್ಬೆರಳ ತುದಿಯನ್ನು ಒಳಗಿಟ್ಟು ಹಿಡಿದ ಚೆಂಡು ಪಂದ್ಯವನ್ನು 27–24ಕ್ಕೆ ತಿರುಗಿಸಿತು. ಆ ಮೈದಾನದಲ್ಲಿ ಇಂಡಿಯಾನಾ ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ.

ಡಿಸೆಂಬರ್ 6ರಂದು ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ ಅಂತಿಮ ಪಂದ್ಯ. ದೇಶದ ಮೊದಲ ಮತ್ತು ಎರಡನೇ ಸ್ಥಾನದ ತಂಡಗಳ ಮುಖಾಮುಖಿ. ಒಹಾಯೊ ಸ್ಟೇಟ್‌ನ ವಿರುದ್ಧ ಇಂಡಿಯಾನಾ 1988ರಿಂದ ಗೆದ್ದಿರಲಿಲ್ಲ. ಎದುರಾಳಿಯು ಕೊನೆಯ ಮೂರು ನಿಮಿಷಗಳೊಳಗೆ ಕೇವಲ 27 ಗಜದ ಫೀಲ್ಡ್ ಗೋಲ್ ತಪ್ಪಿಸಿಕೊಂಡದ್ದರಿಂದ 13–10ರ ಅಂತರ ಉಳಿಯಿತು ಎಂಬುದನ್ನೂ ಹೇಳಬೇಕು. ಸೋಲರಿಯದ ಋತುಗಳಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತದೆ. ಯಾರೊಂದಿಗೂ ಹಂಚಿಕೊಳ್ಳದೆ ಇಂಡಿಯಾನಾ ಆ ಒಕ್ಕೂಟದ ಪ್ರಶಸ್ತಿ ಪಡೆದದ್ದು 1945ರ ಅನಂತರ ಇದೇ ಮೊದಲು. ಒಂದು ವಾರದ ಬಳಿಕ ಮೆಂಡೋಜನಿಗೆ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಬಂತು. ಆ ವಿಶ್ವವಿದ್ಯಾಲಯದ ಆಟಗಾರನೊಬ್ಬನಿಗೆ ಅದು ದೊರೆತದ್ದೂ ಅದೇ ಮೊದಲು.

ಪ್ಲೇಆಫ್‌ನ ಪಂದ್ಯಗಳಲ್ಲಿ ಈ ತಂಡದ ಸ್ವಭಾವ ಇನ್ನೂ ಸ್ಪಷ್ಟವಾಯಿತು. 12 ತಂಡಗಳ ಪದ್ಧತಿ 2024ರಲ್ಲಿ ಬಂದಾಗಿನಿಂದ ಮೊದಲ ನಾಲ್ಕು ತಂಡಗಳಿಗೆ ಮೊದಲ ಸುತ್ತಿನ ವಿರಾಮ ಸಿಗುತ್ತದೆ. ಆದರೆ ಮೊದಲ ವರ್ಷ ವಿರಾಮ ಪಡೆದ ನಾಲ್ಕೂ ತಂಡಗಳು ಸೋತವು, ಎರಡನೇ ವರ್ಷ ಒಹಾಯೊ ಸ್ಟೇಟ್, ಜಾರ್ಜಿಯಾ, ಟೆಕ್ಸಸ್ ಟೆಕ್ ಸೋತವು. ಮೂರು ವಾರಗಳಿಗೂ ಹೆಚ್ಚಿನ ಬಿಡುವು ತಂಡದ ಲಯವನ್ನು ಕೆಡಿಸುತ್ತದೆಂಬ ಮಾತು ಸಿದ್ಧಾಂತವಾಗುವಷ್ಟರಲ್ಲಿ ಇಂಡಿಯಾನಾ ಪ್ಲೇಆಫ್‌ನ ಎರಡನೇ ಸುತ್ತಿನ ಪಂದ್ಯವೂ ಆಗಿದ್ದ ಜನವರಿ 1ರ ರೋಸ್ ಬೌಲ್‌ನಲ್ಲಿ ಅಲಬಾಮಾವನ್ನು 38–3ರಿಂದ ಬಡಿಯಿತು. ಎಂಟು ದಿನಗಳ ಬಳಿಕ ಅಟ್ಲಾಂಟಾದ ಪೀಚ್ ಬೌಲ್‌ನಲ್ಲಿ ಓರೆಗಾನ್ ಎರಡನೇ ಸಲ ಎದುರಾಯಿತು. ಓರೆಗಾನ್‌ನ ಮೊದಲ ಎಸೆತವನ್ನೇ ಪಾಂಡ್ಸ್ ಹಿಡಿದು ಗೆರೆ ಮುಟ್ಟಿಸಿದ, ಅಂತಿಮ ಅಂಕ 56–22. ಆ ಎರಡು ಪಂದ್ಯಗಳಲ್ಲಿ ಮೆಂಡೋಜನ ಎಸೆತಗಳಿಂದ ಬಂದ ಟಚ್‌ಡೌನ್ ಎಂಟು, ಗುರಿ ತಲಪದ ಎಸೆತಗಳು ಐದು. ಪೋರ್ಟಲ್ಲು, ಹಣ ಎಂಬ ವಿವರಣೆಗಳೆಲ್ಲ ಇಂಥ ಅಂಕಿಗಳ ಮುಂದೆ ಸ್ವಲ್ಪ ಸಪ್ಪೆಯಾಗುತ್ತವೆ.

ಅಂತಿಮ ಪಂದ್ಯದ ಒಂದು ಗಳಿಗೆಯನ್ನು ಇಲ್ಲಿ ಬಿಡಿಸಿ ನೋಡಬಹುದು. ನಾಲ್ಕನೇ ಅವಧಿ, ಇಂಡಿಯಾನಾ 17–14ರಿಂದ ಮುಂದಿದೆ, ಗೆರೆ 12 ಗಜ ದೂರ, ನಾಲ್ಕನೆಯ ಹಾಗೂ ಕೊನೆಯ ಅವಕಾಶ, ಸಾಗಬೇಕಾದದ್ದು ನಾಲ್ಕು ಗಜ. ಒದ್ದು ಮೂರು ಅಂಕ ಪಡೆಯುವುದು ಲೋಕರೂಢಿ. ಒದೆಯುವ ತಂಡ ಮೈದಾನಕ್ಕೆ ಬಂದೂ ಆಗಿತ್ತು. ಸಿಗ್ನೆಟಿ ಟೈಮ್‌ಔಟ್ ಕೇಳಿ ಅವರನ್ನು ಹಿಂದಕ್ಕೆ ಕರೆದು, ಮೆಂಡೋಜನೇ ಚೆಂಡು ಹಿಡಿದು ಓಡುವ ತಂತ್ರವನ್ನು ಆರಿಸಿದರು. ಓಟಗಾರನೆಂದು ಹೆಸರಿಲ್ಲದ ಮೆಂಡೋಜ ಇಬ್ಬರು ಮೂವರಿಗೆ ಡಿಕ್ಕಿ ಹೊಡೆದು, ಸುತ್ತಿ, ಗಾಳಿಯಲ್ಲಿ ಚಾಚಿಕೊಂಡು ಗೆರೆಯಾಚೆ ಬಿದ್ದ. ಆರು ಅಂಕಗಳ ಅಂತರದಲ್ಲಿ ಮುಗಿದ ಪಂದ್ಯದಲ್ಲಿ ಆ ನಿರ್ಧಾರದ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಅಂಥ ನಿರ್ಧಾರ ಮಾಡಬಲ್ಲ ಧೈರ್ಯ ತನ್ನ ಆಟಗಾರರು ಏನು ಮಾಡಬಲ್ಲರೆಂಬ ತಿಳಿವಳಿಕೆಯಿಂದ ಬರುವಂಥದು. ಅದನ್ನು ಪೋರ್ಟಲ್‌ನಲ್ಲಿ ಕೊಳ್ಳಲಾಗುವುದಿಲ್ಲ.

ಹಾಗಾದರೆ ಇದು ಎಲ್ಲರೂ ಅನುಸರಿಸಬಹುದಾದ ಮಾದರಿಯೇ? ಹಲವು ವಿಶ್ವವಿದ್ಯಾಲಯಗಳ ಆಡಳಿತಗಾರರು ಹಾಗೆಂದೇ ತಿಳಿದಂತೆ ವರ್ತಿಸುತ್ತಿದ್ದಾರೆ. ಎರಡು ವರ್ಷಗಳಲ್ಲಿ ಇಂಡಿಯಾನಾ ಮಾಡಿದ್ದನ್ನು ನಮ್ಮವರು ಹತ್ತು ವರ್ಷವಾದರೂ ಏಕೆ ಮಾಡಲಿಲ್ಲವೆಂದು ದಾನಿಗಳು ಕೇಳುತ್ತಾರೆ. ಪೆನ್ ಸ್ಟೇಟ್ ತಂಡವನ್ನು ಹಿಂದಿನ ಋತುವಿನಲ್ಲಷ್ಟೇ ಪ್ಲೇಆಫ್ ಸೆಮಿಫೈನಲ್‌ವರೆಗೆ ಕೊಂಡೊಯ್ದಿದ್ದ ಜೇಮ್ಸ್ ಫ್ರಾಂಕ್ಲಿನ್ ಅವರನ್ನು 2025ರ ಅಕ್ಟೋಬರ್ 12ರಂದು, ಸತತ ಮೂರು ಸೋಲುಗಳ ಬೆನ್ನಿಗೇ, ತೆಗೆದುಹಾಕಲಾಯಿತು. ಒಪ್ಪಂದದಂತೆ ಅವರಿಗೆ ಬರಬೇಕಿದ್ದ ಹಣ ಐದು ಕೋಟಿ ಡಾಲರ್‌ಗೆ ಹತ್ತಿರವಿತ್ತು. ಅವರು ವರ್ಜೀನಿಯಾ ಟೆಕ್ ಸೇರಿದ್ದರಿಂದ ಕೊನೆಗೆ ಅದು ಬಹಳ ಕಡಿಮೆಯಾಯಿತು. ಎರಡು ವಾರಗಳಲ್ಲಿ ಲೂಸಿಯಾನಾ ಸ್ಟೇಟ್‌ನ ಬ್ರಯಾನ್ ಕೆಲಿಯವರ ಸರದಿ. ಫ್ರಾಂಕ್ಲಿನ್ ನಿರ್ಗಮನದ ನಾಲ್ಕನೇ ದಿನವೇ ಇಂಡಿಯಾನಾ ತನ್ನ ತರಬೇತುದಾರನೊಂದಿಗೆ ಎಂಟು ವರ್ಷಗಳ, ಸುಮಾರು 9.3 ಕೋಟಿ ಡಾಲರ್‌ಗಳ ಹೊಸ ಒಪ್ಪಂದವನ್ನು ಪ್ರಕಟಿಸಿತು. ಬೇಲಿ ಹಾಕುವ ಕಾಲದಲ್ಲಿ ಹಾಕಿದರು.

ಅದೇ ಬಾಗಿಲಿನಿಂದ ಒಳಬಂದು ಅದೇ ಬಾಗಿಲಿನಿಂದ ಹೊರಬಿದ್ದವರನ್ನೂ ನೋಡಬೇಕು. ಫ್ಲಾರಿಡಾ ಸ್ಟೇಟ್ ತಂಡವು ಬೇರೆಡೆಯಿಂದ ಬಂದ ಆಟಗಾರರ ಬಲದಿಂದ 2023ರಲ್ಲಿ ಒಕ್ಕೂಟದ ಪ್ರಶಸ್ತಿವರೆಗೆ 13 ಪಂದ್ಯಗಳನ್ನು ಸೋಲದೆ ಗೆದ್ದಿತ್ತು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಗಾಯಗೊಂಡ ಕಾರಣಕ್ಕೆ ನಾಲ್ಕು ತಂಡಗಳ ಪ್ಲೇಆಫ್‌ನಿಂದ ಅದನ್ನು ಹೊರಗಿಟ್ಟಾಗ ದೇಶವ್ಯಾಪಿ ಗದ್ದಲವೆದ್ದಿತ್ತು. ಮರುವರ್ಷ ಮತ್ತೆ ಪೋರ್ಟಲ್‌ನಿಂದಲೇ ಕ್ವಾರ್ಟರ್‌ಬ್ಯಾಕ್‌ನನ್ನು ತಂದ ಆ ತಂಡ ಗೆದ್ದದ್ದು ಎರಡು, ಸೋತದ್ದು ಹತ್ತು. ಪ್ರತಿ ವರ್ಷ ಹೊಸ ಮನೆ ಕಟ್ಟುವವನಿಗೆ ಒಂದು ವರ್ಷ ಅಡಿಪಾಯ ತಪ್ಪಿದರೆ ಸಾಕು. ಇಂಡಿಯಾನಾ ಭಿನ್ನವಾದದ್ದು ಇಲ್ಲಿ: ಜೇಮ್ಸ್ ಮ್ಯಾಡಿಸನ್‌ನಿಂದ ಬಂದವರು ಈಗಾಗಲೇ ಒಟ್ಟಿಗೆ ಆಡಿದವರು, ಅದೇ ತರಬೇತುದಾರರ ಭಾಷೆಯನ್ನು ಬಲ್ಲವರು. ಹೊಸ ನೆಲಕ್ಕೆ ಬೇರು ಸಮೇತ ನೆಟ್ಟ ಸಸಿ ಅದು. ಉಳಿದವರನ್ನು ಆ ಬೇರಿನ ಸುತ್ತ ಕಸಿ ಮಾಡಲಾಯಿತು.

ಆ ಸಸಿಯನ್ನು ಕಳೆದುಕೊಂಡ ಜೇಮ್ಸ್ ಮ್ಯಾಡಿಸನ್ ಏನಾಯಿತೆಂದು ಕೇಳುವವರು ಕಡಿಮೆ. ತರಬೇತುದಾರನೂ 13 ಆಟಗಾರರೂ ಹೋದಮೇಲೆ ಆ ವಿಶ್ವವಿದ್ಯಾಲಯ ಬಾಬ್ ಚೆಸ್ನಿ ಎಂಬವರನ್ನು ನೇಮಿಸಿಕೊಂಡು ಮತ್ತೆ ಕಟ್ಟಿತು. 2025ರಲ್ಲಿ 12 ತಂಡಗಳ ಪ್ಲೇಆಫ್‌ನಲ್ಲಿ ಕೊನೆಯ ಸ್ಥಾನ ಪಡೆದು, ಓರೆಗಾನ್‌ನೆದುರು 51–34ರಿಂದ ಸೋತಿತು. ಅಂದರೆ ಇಂಡಿಯಾನಾ ಮತ್ತು ಅದರ ಬೀಜದ ಕಣಜ ಎರಡೂ ಒಂದೇ ಪ್ಲೇಆಫ್‌ನಲ್ಲಿದ್ದವು. ಆದರೆ ಪಂದ್ಯಕ್ಕೆ ಮುಂಚೆಯೇ ಚೆಸ್ನಿಯವರು ಬಿಗ್ ಟೆನ್‌ನ ಯುಸಿಎಲ್‌ಎ ತಂಡಕ್ಕೆ ಹೋಗುವುದು ನಿರ್ಧಾರವಾಗಿತ್ತು. ಬಿತ್ತಿ ಬೆಳೆಸುವವರೊಬ್ಬರು, ಕಟಾವಿನ ಹೊತ್ತಿಗೆ ಗಾಡಿ ತರುವವರು ಇನ್ನೊಬ್ಬರು. ಹೊಸ ವ್ಯವಸ್ಥೆ ಹಳೆಯ ದೊಡ್ಡವರ ಏಕಸ್ವಾಮ್ಯವನ್ನು ಮುರಿದಿದೆಯೆಂಬ ಮಾತು ನಿಜವಾದರೂ, ಮುರಿದದ್ದು ಸಿರಿವಂತ ಒಕ್ಕೂಟಗಳ ಒಳಗಿನ ಶ್ರೇಣಿಯನ್ನಷ್ಟೇ. ಆ ಒಕ್ಕೂಟಗಳ ಹೊರಗಿರುವವರಿಗೆ ಅದು ಪ್ರತಿ ಚಳಿಗಾಲದಲ್ಲಿ ಮನೆ ಖಾಲಿಯಾಗುವ ವ್ಯವಸ್ಥೆ.

ಇನ್ನು ವಿಶ್ವವಿದ್ಯಾಲಯವೆಂಬ ಪದದ ಮಾತು. 2025ರ ಬೇಸಿಗೆಯಲ್ಲಿ ಇಂಡಿಯಾನಾ ರಾಜ್ಯ ಮಾಡಿದ ಕಾನೂನಿನಂತೆ, ಮೂರು ವರ್ಷಗಳ ಸರಾಸರಿಯಲ್ಲಿ 15ಕ್ಕಿಂತ ಕಡಿಮೆ ಮಂದಿ ಪದವಿ ಪಡೆಯುವ ಸ್ನಾತಕ ಕೋರ್ಸುಗಳು ಮುಂದುವರಿಯಲು ವಿಶೇಷ ಅನುಮತಿ ಬೇಕು. ಇದರ ಬೆನ್ನಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಒಟ್ಟು 400ಕ್ಕೂ ಹೆಚ್ಚು ಕೋರ್ಸುಗಳನ್ನು ನಿಲ್ಲಿಸಲು, ತಡೆಹಿಡಿಯಲು ಇಲ್ಲವೇ ಬೇರೆಯವುಗಳೊಂದಿಗೆ ವಿಲೀನಗೊಳಿಸಲು ಮುಂದಾದವು. ಸಿಗ್ನೆಟಿಯ ಹೊಸ ಒಪ್ಪಂದ ಹೊರಬಿದ್ದ ಅದೇ ಅಕ್ಟೋಬರ್ ವಾರದಲ್ಲಿ ವಿಶ್ವವಿದ್ಯಾಲಯದ ಆಡಳಿತವು ವಿದ್ಯಾರ್ಥಿ ಪತ್ರಿಕೆ ಇಂಡಿಯಾನಾ ಡೈಲಿ ಸ್ಟೂಡೆಂಟ್‌ನ ಮುದ್ರಣವನ್ನು ನಿಲ್ಲಿಸಿತು, ಅದರ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು. ಮೈದಾನದಲ್ಲಿ ಇಂಡಿಯಾನಾದ ಬದ್ಧವೈರಿಯಾದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯವರು ವಿಶೇಷ ಸಂಚಿಕೆಯೊಂದನ್ನು ಮುದ್ರಿಸಿ ಬ್ಲೂಮಿಂಗ್ಟನ್‌ಗೆ ತಂದು ಹಂಚಿದರು. ಟೀಕೆ ಹೆಚ್ಚಾದಮೇಲೆ ತಿಂಗಳ ಕೊನೆಗೆ ಆಡಳಿತ ಮುದ್ರಣದ ವಿಷಯದಲ್ಲಿ ಹಿಂದೆ ಸರಿಯಿತು. ಫುಟ್‌ಬಾಲ್‌ಗೆ ಸುರಿದ ಹಣ ಭಾಷಾ ವಿಭಾಗದಿಂದ ಕಿತ್ತದ್ದೆಂದು ಹೇಳುವುದು ಲೆಕ್ಕಪತ್ರದ ದೃಷ್ಟಿಯಿಂದ ಸರಿಯಲ್ಲ. ಕ್ರೀಡಾ ವಿಭಾಗದ ಆದಾಯ ಪ್ರಸಾರ ಹಕ್ಕು, ಟಿಕೆಟ್, ದಾನಗಳಿಂದ ಬರುತ್ತದೆ, ಮತ್ತು ಮಾರ್ಕ್ ಕ್ಯೂಬನ್‌ರಂಥ ಹಳೆಯ ವಿದ್ಯಾರ್ಥಿ ಕುಬೇರರು ತಂಡಕ್ಕೆ ಕೊಡುವುದನ್ನು ಮುಚ್ಚಿಟ್ಟಿಲ್ಲ. ಆದರೂ ದಾನಿಯೊಬ್ಬನ ಹಣ ಎಲ್ಲಿಗೆ ಹೋಗಬೇಕೆಂದು ಕೇಳುವ ಕೆಲಸವನ್ನು ವಿಶ್ವವಿದ್ಯಾಲಯವೇ ಮಾಡುತ್ತದೆ, ಮತ್ತು ಅದು ಯಾವುದಕ್ಕಾಗಿ ಹೆಚ್ಚು ಜೋರಾಗಿ ಕೇಳುತ್ತದೆಂಬುದು ಎಲ್ಲರಿಗೂ ಕೇಳಿಸುತ್ತದೆ.

ಆಟಗಾರರ ಕಡೆಯಿಂದ ನೋಡಿದರೆ ನನಗೆ ಹಳೆಯ ವ್ಯವಸ್ಥೆಯ ಬಗ್ಗೆ ಹಳಹಳಿಕೆಯಿಲ್ಲ. ತರಬೇತುದಾರ ಕೋಟಿಗಳನ್ನು ಎಣಿಸುವಾಗ ಮಂಡಿ ಮುರಿದುಕೊಳ್ಳುವ ಹುಡುಗನಿಗೆ ಊಟ, ಪಾಠ ಸಾಕೆಂದು ಹೇಳುವುದನ್ನು ಸಮರ್ಥಿಸಲಾಗದು. 2024ರಲ್ಲಿ ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕರ್ಟಿಸ್ ರೌರ್ಕ್ ಮಂಡಿಯ ಅಸ್ಥಿರಜ್ಜು ಹರಿದಿದ್ದರೂ ಋತುವಿಡೀ ಆಡಿದ್ದ. ಮೆಂಡೋಜ ಬರ್ಕ್ಲಿಯಲ್ಲಿ ಮೂರೇ ವರ್ಷಗಳಲ್ಲಿ ವ್ಯವಹಾರ ನಿರ್ವಹಣೆಯ ಪದವಿ ಮುಗಿಸಿ ಬಂದವನಾದ್ದರಿಂದ ವಿದ್ಯಾರ್ಥಿ ಆಟಗಾರನೆಂಬ ಮಾತಿಗೆ ಅವನನ್ನೇ ಉದಾಹರಣೆಯಾಗಿ ತೋರಿಸುತ್ತಾರೆ. ಆದರೆ ನಾಲ್ಕು ವರ್ಷಗಳಲ್ಲಿ ಮೂರು ವಿಶ್ವವಿದ್ಯಾಲಯ ಬದಲಿಸುವ ನೂರಾರು ಹುಡುಗರಲ್ಲಿ ಎಷ್ಟು ಮಂದಿಯ ಪಾಠದ ಅಂಕಗಳು ಅವರೊಂದಿಗೆ ವರ್ಗವಾಗುತ್ತವೆ, ಪೋರ್ಟಲ್‌ನಲ್ಲಿ ಹೆಸರು ಬರೆಸಿ ಯಾರೂ ಕರೆಯದೆ ಉಳಿದುಬಿಡುವವರು ಮತ್ತೆ ತರಗತಿಗೆ ಮರಳುತ್ತಾರೆಯೇ ಎಂಬ ಪ್ರಶ್ನೆಗಳನ್ನು ಹೈಸ್‌ಮನ್ ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ.

ಈ ಋತುವಿನಿಂದ ಎನ್‌ಸಿಎಎ ವಸಂತಕಾಲದ ವರ್ಗಾವಣೆ ಅವಧಿಯನ್ನು ರದ್ದುಗೊಳಿಸಿ, 2026ರ ಜನವರಿ 2ರಿಂದ 16ರವರೆಗಿನ ಒಂದೇ ಅವಧಿಯನ್ನು ಇಟ್ಟಿತು. ಪ್ಲೇಆಫ್‌ನ ಕೊನೆಯ ಸುತ್ತುಗಳು ನಡೆಯುವುದೂ ಆಗಲೇ. ಹಾಗಾಗಿ ಸಿಗ್ನೆಟಿ ಮತ್ತು ಅವರ ಸಹಾಯಕರು ಒಂದು ಕೋಣೆಯಲ್ಲಿ ಎದುರಾಳಿಯ ತಂತ್ರಗಳ ಚಿತ್ರಮುದ್ರಿಕೆ ನೋಡುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಮುಂದಿನ ವರ್ಷದ ತಂಡ ಕಟ್ಟುವ ಕೆಲಸ ಸಾಗಿತ್ತು. ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಜಾಶ್ ಹೂವರ್ ಇಂಡಿಯಾನಾಕ್ಕೆ ಬರಲು ಒಪ್ಪಿದಾಗ, ಅವನು ಯಾರ ಜಾಗಕ್ಕೆ ಬರಲಿದ್ದನೋ ಆ ಮೆಂಡೋಜ ಅಂತಿಮ ಪಂದ್ಯವನ್ನು ಇನ್ನೂ ಆಡಿರಲಿಲ್ಲ.